ಆ ಹೊಟ್ಟೆನೋವು ಸುಳ್ಳಲ್ಲ ಅಕ್ಕಾ

ಹೊಸನಗರ ಕಡೆಯ ಓದುಗರೊಬ್ರು ಬರೆದಿದಾರೆ: "ಮಗ ಒಂದನೇ ಕ್ಲಾಸು, ಸರ್ಕಾರಿ ಶಾಲೆ. ಜೂನಿಂದ ದಿನಾ ಬೆಳಿಗ್ಗೆ ಹೊಟ್ಟೆನೋವು ಅಂತಾನೆ, ಭಾನುವಾರ ಮಾತ್ರ ಇರಲ್ಲ. ಡಾಕ್ಟ್ರು ಏನೂ ತೊಂದ್ರೆ ಇಲ್ಲ ಅಂದ್ರು. ಮನೇಲಿ ಎಲ್ರೂ ನಾಟಕ ಅಂತಾರೆ, ಎರಡು ಬಿಟ್ಟು ಕಳ್ಸು ಅಂತಾರೆ. ಏನ್ ಮಾಡ್ಲಿ?"

ಅಕ್ಕಾ, ನಾಟಕ ಅಲ್ಲ. ಡಾಕ್ಟ್ರಿಗೆ ತೋರಿಸಿದ್ದು ಒಳ್ಳೇದೇ ಆಯ್ತು, ಆದ್ರೆ ಆರು ವರ್ಷದ ಮಗೂಗೆ ನಂಗೆ ಭಯ ಆಗ್ತಿದೆ ಅಂತ ಹೇಳೋಕೆ ಮಾತು ಬರಲ್ಲ, ಆ ಭಯ ಹೋಗಿ ಹೊಟ್ಟೇಲಿ ಕೂರತ್ತೆ, ಹೊಟ್ಟೆ ನಿಜವಾಗ್ಲೂ ನೋಯತ್ತೆ. ಹೊಡೆದು ಕಳ್ಸಿದ್ರೆ ಶಾಲೆ ಭಯದ ಜೊತೆ ಮನೆ ಭಯಾನೂ ಸೇರತ್ತೆ ಅಷ್ಟೇ.

ಯಾಕೆ ಹೋಗಲ್ಲ ಅಂತ ಕೇಳ್ಬೇಡಿ, ಅದಕ್ಕೆ ಉತ್ತರ ಅವನಿಗೂ ಗೊತ್ತಿಲ್ಲ. ಬಿಸಿಯೂಟಕ್ಕೆ ಯಾರ ಪಕ್ಕ ಕೂತಿದ್ದೆ, ಒಂದಕ್ಕೆ ಯಾರ ಜೊತೆ ಹೋದೆ, ಇಂಥದ್ದು ಕೇಳಿ. ನಮ್ಮ ಮಲೆನಾಡಲ್ಲಿ ಕಾರಣ ತುಂಬ ಸಣ್ಣದಿರತ್ತೆ. ಶೀಟಿನ ಮೇಲೆ ಮಳೆ ಬಡಿಯೋ ಸದ್ದು, ಕರೆಂಟಿಲ್ದೆ ಕತ್ತಲಾದ ರೂಮು, ಬೆಳಿಗ್ಗೆ ನೆನೆದ ಚಡ್ಡೀಲಿ ಸಂಜೆ ತನಕ ಕೂರೋದು.

ತೀರ್ಥಹಳ್ಳಿ ಕಡೆ ಒಂದು ಶಾಲೇಲಿ ಜುಲೈ ತಿಂಗಳಲ್ಲಿ ನಾನೇ ನೋಡಿದ್ದು ಹೇಳ್ತೀನಿ. ಮಿಸ್ಸು ಜಗಲೀಲಿ ಟವೆಲ್ ಹಿಡ್ಕೊಂಡು ನಿಂತಿದ್ರು, ಒಬ್ಬೊಬ್ರದ್ದೇ ರೈನ್‌ಕೋಟ್ ಬಿಚ್ಚಿ, ತಲೆ ಒರೆಸಿ, "ಇವತ್ತು ಒಳಗೆ ಮಳೆನೋ ಬಿಸಿಲೋ?" ಅಂತ ಕೇಳೋರು. ಒಬ್ಳು ಪುಟ್ಟಿ ಎದೆ ಮೇಲೆ ಕೈಯಿಟ್ಟು "ಜಡಿಮಳೆ" ಅಂದ್ಲು. ಮಿಸ್ಸು ಏನೂ ಕೆದಕ್ಲಿಲ್ಲ, ಪಕ್ಕದಲ್ಲೇ ಕೂರಿಸ್ಕೊಂಡು ಸ್ಲೇಟು ಎಣಿಸೋ ಕೆಲ್ಸ ಕೊಟ್ರು. ಊಟದ ಹೊತ್ತಿಗೆ ಅವಳೇ ಬಂದು, ರಾತ್ರಿ ಕೊಟ್ಟಿಗೆಯಿಂದ ಕರು ಚಿರತೆ ಪಾಲಾಗಿದ್ದು ಹೇಳಿದ್ಲು. ಹೇಳಿ ಮುಗಿಸಿ ಎರಡನೇ ಸಲ ಅನ್ನ ಹಾಕಿಸ್ಕೊಂಡ್ಲು. ಆ ಟವೆಲ್ಲಿಗೆ ಯಾವ ಅನುದಾನಾನೂ ಬೇಕಿರ್ಲಿಲ್ಲ ನೋಡಿ.

ನೀವೂ ಮಿಸ್ಸನ್ನ ಒಂದ್ಸಲ ಮಗ ಇಲ್ದಿರೋವಾಗ ಭೇಟಿ ಆಗಿ, ದೂರು ಹೇಳೋ ಥರ ಅಲ್ಲ. ನಲಿ-ಕಲೀಲಿ ಒಂದರಿಂದ ಮೂರನೇ ಕ್ಲಾಸಿನವ್ರು ಒಂದೇ ರೂಮಲ್ಲಿ ಕೂತು ಕಲೀತಾರಲ್ಲ, ನಿಮ್ಮ ಕೇರಿಯ ಮೂರನೇ ಕ್ಲಾಸಿನ ಹುಡುಗ ಯಾರಾದ್ರೂ ಇದ್ರೆ ಅವನ ಹತ್ರ ಕೂರ್ಸಿ ಅಂತ ಕೇಳಿ. ಅಕಸ್ಮಾತ್ ಶಾಲೇಲಿ ಯಾರೋ ಹೊಡೀತಿದಾರೆ, ಎಲ್ರೆದುರು ಹೀಯಾಳಿಸ್ತಿದಾರೆ ಅಂತ ಗೊತ್ತಾದ್ರೆ ಮಾತ್ರ ಸುಮ್ನಿರ್ಬೇಡಿ, 2009ರ ಶಿಕ್ಷಣ ಹಕ್ಕು ಕಾಯ್ದೆ 17ನೇ ಸೆಕ್ಷನ್ ಪ್ರಕಾರ ಏಟು ಅಷ್ಟೇ ಅಲ್ಲ, ಮಾನಸಿಕ ಹಿಂಸೇನೂ ನಿಷೇಧ. ಹೆಡ್‌ಮಾಸ್ಟ್ರಿಗೆ, ಎಸ್‌ಡಿಎಂಸಿಗೆ (ಅಪ್ಪ-ಅಮ್ಮಂದಿರೇ ಇರೋ ಶಾಲೆಯ ಸಮಿತಿ) ಹೇಳಿ, ಅಲ್ಲೂ ಆಗ್ಲಿಲ್ಲ ಅಂದ್ರೆ ಮಕ್ಕಳ ಸಹಾಯವಾಣಿ 1098 ಇದೆ. ನಿದ್ದೆ ಕೆಟ್ರೆ, ಮತ್ತೆ ಹಾಸಿಗೇಲಿ ಒಂದ ಮಾಡ್ಕೊಳೋಕೆ ಶುರು ಮಾಡಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡ್ಬೇಕಿಲ್ಲ.

ನಾಳೆ ಹತ್ತು ನಿಮಿಷ ಬೇಗ ಹೊರಡಿ, ಬ್ಯಾಗಲ್ಲಿ ಒಂದು ಜೊತೆ ಒಣ ಬಟ್ಟೆ ಕವರಲ್ಲಿ ಸುತ್ತಿಡಿ. ಏನಾಯ್ತು ಅಂತ ಮತ್ತೆ ಬರೀರಿ, ಕಾಯ್ತಿರ್ತೀನಿ.

– ಸಂಪಾದಕ