ನಿಂತ ಬಸ್ಸಿನ ಮರೆಯಲ್ಲಿ

ಉದ್ಯಾವರದಲ್ಲಿ ಹೆದ್ದಾರಿ ಬದಿಗೆ ಅಂಗಡಿ ಇಟ್ಟಿರುವ ಓದುಗರೊಬ್ಬರ ಪತ್ರ ಬಂದಿದೆ. ಕಳೆದ ತಿಂಗಳ ಒಂದು ಮಳೆಯ ಸಂಜೆ, ಅವರ ಅಂಗಡಿಯೆದುರು, ಊಟ ತಲುಪಿಸುವ ಹುಡುಗನ ಸ್ಕೂಟರಿಗೂ ರಾಂಗ್ ಸೈಡಿನಲ್ಲಿ ಬಂದ ಹಿರಿಯರೊಬ್ಬರ ಸ್ಕೂಟರಿಗೂ ಡಿಕ್ಕಿಯಾಗಿ ಹಿರಿಯರ ಕಾಲು ಮುರಿಯಿತಂತೆ. ‘ಸಿಸಿ ಕ್ಯಾಮೆರಾದ ದೃಶ್ಯವನ್ನು ಹತ್ತು ಸಲ ನೋಡಿದ್ದೇನೆ. ಹುಡುಗನಿಗೆ ನಾಲ್ಕು ಸೆಕೆಂಡು ಸಮಯವಿತ್ತು. ಮನಸ್ಸು ಮಾಡಿದ್ದರೆ ತಪ್ಪಿಸಬಹುದಿತ್ತು. ಪೊಲೀಸರಿಗೂ ಹಾಗೆಯೇ ಹೇಳಿಕೆ ಕೊಡುವವನಿದ್ದೇನೆ. ನೀವೇನನ್ನುತ್ತೀರಿ?’ ಎಂದು ಕೇಳಿದ್ದಾರೆ.

ಮಾನ್ಯರೇ, ಕೈತೊಳೆದುಕೊಳ್ಳದೆ ಸಾಕ್ಷಿ ಹೇಳಲು ಮುಂದೆ ಬಂದಿರಿ. ಅದಕ್ಕೆ ಮೊದಲು ನಮಸ್ಕಾರ. ಡೆಲಿವರಿಯವರಲ್ಲಿ ಆತುರಗಾರರು ಇದ್ದಾರೆ, ಹ್ಯಾಂಡಲಿಗೆ ಸಿಕ್ಕಿಸಿದ ಮೊಬೈಲನ್ನು ನೋಡುತ್ತಲೇ ಓಡಿಸುವವರೂ ಇದ್ದಾರೆ. ಉಡುಪಿ-ಮಂಗಳೂರು ದಾರಿಯಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದ ನನ್ನ ಭಾವ, ‘ನಿಂತ ಬಸ್ಸಿನ ಮುಂದೆ ಒಬ್ಬ ಇದ್ದೇ ಇರುತ್ತಾನೆ ಎಂದುಕೊಂಡೇ ಹೋಗಬೇಕು’ ಎನ್ನುತ್ತಿದ್ದರು. ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ.

ಆದರೆ ಆ ನಾಲ್ಕು ಸೆಕೆಂಡು ಯಾರವು? ನಿಮ್ಮ ಪತ್ರದ ಕೊನೆಯ ಸಾಲಿನಲ್ಲಿ ನೀವೇ ಬರೆದಿದ್ದೀರಿ, ಸ್ಟಾಪಿನಲ್ಲಿ ಒಂದು ಸರ್ವಿಸ್ ಬಸ್ ನಿಂತಿತ್ತು ಎಂದು. ಕಳೆದ ಗುರುವಾರ ಸಂಜೆ ನಾನು ಅಲ್ಲಿಗೇ ಬಂದು ನಿಂತಿದ್ದೆ. ನಿಮ್ಮ ಕ್ಯಾಮೆರಾ ಇರುವುದು ಅಂಗಡಿಯ ಬೋರ್ಡಿನ ಮೇಲೆ, ಅದಕ್ಕೆ ಬಸ್ಸಿನ ಮೂತಿಯೂ ಕಾಣುತ್ತದೆ, ಅದರಾಚೆಯ ರಸ್ತೆಯೂ ಕಾಣುತ್ತದೆ. ಹುಡುಗನ ಕಣ್ಣು ಇದ್ದದ್ದು ಬಸ್ಸಿನ ಹಿಂದೆ, ನೀರು ಇಳಿಯುತ್ತಿದ್ದ ಹೆಲ್ಮೆಟ್ ಗಾಜಿನ ಒಳಗೆ. ಹಿರಿಯರು ಬಸ್ಸನ್ನು ಬಳಸಿ ರಸ್ತೆಗೆ ಬಂದಾಗಲೇ ಅವನಿಗೆ ಕಂಡದ್ದು. ಹೆಚ್ಚೆಂದರೆ ಒಂದೂವರೆ ಸೆಕೆಂಡು.

ಲೆಕ್ಕ ಹಾಕೋಣ. ಗಂಟೆಗೆ 40 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 11 ಮೀಟರ್. ಕಂಡದ್ದು ಮನಸ್ಸಿಗೆ ತಟ್ಟಿ ಕೈ ಬ್ರೇಕು ಹಿಡಿಯಲು ಒಂದರಿಂದ ಒಂದೂವರೆ ಸೆಕೆಂಡು ಬೇಕು. ಅಲ್ಲಿಂದ ಮುಂದೆ, ಒದ್ದೆ ಡಾಂಬರಿನ ಮೇಲೆ ಗಾಡಿ ನಿಲ್ಲಲು ಇನ್ನೂ 15 ಮೀಟರ್ ಬೇಕು. ಅವನ ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇದರಲ್ಲಿ ‘ಮನಸ್ಸು ಮಾಡಲು’ ಜಾಗವೆಲ್ಲಿದೆ?

ಕೊನೆಯ ಅವಕಾಶ ಯಾರಿಗಿತ್ತೋ ಅವನದೇ ಹೊಣೆ ಎಂಬ ನಿಮ್ಮ ವಾದ ಹಳೆಯದು. 1842ರಲ್ಲಿ ಇಂಗ್ಲೆಂಡಿನ ಡೇವಿಸ್-ಮ್ಯಾನ್ ಮೊಕದ್ದಮೆಯಲ್ಲಿ, ಮುಂಗಾಲು ಕಟ್ಟಿ ರಸ್ತೆಗೆ ಬಿಟ್ಟಿದ್ದ ಕತ್ತೆಯ ಮೇಲೆ ಒಂದು ಬಂಡಿ ಹರಿಯಿತು. ಕತ್ತೆಯನ್ನು ಹಾಗೆ ಬಿಟ್ಟದ್ದು ತಪ್ಪಾದರೂ, ಜಾಗರೂಕತೆಯಿಂದ ಓಡಿಸಿದ್ದರೆ ತಪ್ಪಿಸಬಹುದಿತ್ತೆಂದು ಬಂಡಿಯವನನ್ನೇ ಹೊಣೆ ಮಾಡಿದರು. ಆದರೆ ಆ ಕತ್ತೆ ಬಸ್ಸಿನ ಮರೆಯಿಂದ ಬರಲಿಲ್ಲ, ರಸ್ತೆಯ ಬದಿಯಲ್ಲಿ ಕಣ್ಣಿಗೆ ಕಾಣುವಂತೆಯೇ ಮೇಯುತ್ತಿತ್ತು.

ಇನ್ನೊಂದು ವಿಷಯ. 1975ರಲ್ಲಿ ಬಾರುಕ್ ಫಿಶ್‌ಹಾಫ್ ಎಂಬ ಮನಶ್ಶಾಸ್ತ್ರಜ್ಞರು 1814ರ ಬ್ರಿಟಿಷ್-ಗೂರ್ಖಾ ಯುದ್ಧದ ಒಂದೇ ವಿವರವನ್ನು ಹಲವರಿಗೆ ಓದಲು ಕೊಟ್ಟು, ಒಬ್ಬೊಬ್ಬರಿಗೆ ಒಂದೊಂದು ಫಲಿತಾಂಶ ಹೇಳಿದರು. ಯಾರಿಗೆ ಯಾವ ಫಲಿತಾಂಶ ಹೇಳಿದ್ದರೋ ಅವರಿಗೆ ಅದೇ ಮೊದಲಿನಿಂದಲೂ ಸಂಭವನೀಯವಾಗಿತ್ತೆಂದು ತೋರಿತು. ಎರಡನೆಯ ಸಲ ವಿಡಿಯೊ ನೋಡುವಾಗ ನೀವೂ ಅಂತ್ಯ ತಿಳಿದೇ ನೋಡುತ್ತಿದ್ದಿರಿ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ನನಗೆ ಸಿಟ್ಟು ಬರುವುದು ಬೇರೆಡೆ. ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾದಾಗ ಊರು ಎರಡು ಹೋಳಾಯಿತು. ಎದುರುಗಡೆಯ ಮೆಡಿಕಲ್‌ಗೆ ಹೋಗಬೇಕಾದರೆ ಡಿವೈಡರ್ ತೆರೆದ ಜಾಗದ ತನಕ ಹೋಗಿ ತಿರುಗಿ ಬರಬೇಕು. ಎಪ್ಪತ್ತರ ವಯಸ್ಸಿನವರು ಮಳೆಯಲ್ಲಿ ಅಷ್ಟು ಸುತ್ತುವುದಕ್ಕಿಂತ ಅಂಚಿನಲ್ಲೇ ಎದುರು ಬರುತ್ತಾರೆ. ತಪ್ಪೇ, ಆದರೆ ಆ ತಪ್ಪನ್ನು ಅವರ ಕೈಯಲ್ಲಿ ಮಾಡಿಸಿದವರು ಯಾರು? ಬಸ್ಸಿಗೆ ನಿಲ್ಲಲು ಪ್ರತ್ಯೇಕ ಜಾಗವಿಲ್ಲ, ಅದು ರಸ್ತೆಯಲ್ಲೇ ನಿಲ್ಲುತ್ತದೆ. ಅಂಥ ರಸ್ತೆಯಲ್ಲಿ, ಯಾರದೋ ಬಿರಿಯಾನಿ ಆರಬಾರದೆಂದು ಹುಡುಗ ಹೊರಟಿದ್ದಾನೆ. ತಡವಾದರೆ ನಕ್ಷತ್ರ ಕಡಿಮೆ ಕೊಡುವವರು ನಾವೇ. ಅಪಘಾತವಾದರೆ ರಸ್ತೆ ಮಾಡಿದವರಿಗೆ ಯಾರೂ ಸಮನ್ಸ್ ಕಳುಹಿಸುವುದಿಲ್ಲ, ಸ್ಟೇಷನ್ ಬೆಂಚಿನಲ್ಲಿ ಕೂರುವವನು ಆ ಹುಡುಗ.

2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮು ಕೇಳುವುದು ಅಜಾಗರೂಕತೆಯಿಂದ ಓಡಿಸಿದನೇ ಎಂದು. ಡಿಕ್ಕಿ ತಪ್ಪಿಸಲಿಲ್ಲ ಎಂದ ಮಾತ್ರಕ್ಕೆ ಅಜಾಗರೂಕನೆಂದು ಆಗುವುದಿಲ್ಲ. ‘ತಪ್ಪಿಸಬಹುದಿತ್ತು’ ಎಂಬುದು ನಿಮ್ಮ ಅಭಿಪ್ರಾಯ, ನೀವು ಕಣ್ಣಿನಿಂದ ಕಂಡದ್ದಲ್ಲ. ಕಂಡದ್ದನ್ನು ಹೇಳಿ. ದೃಶ್ಯವನ್ನು ಪೆನ್‌ಡ್ರೈವಿನಲ್ಲಿ ಕೊಡುವಾಗ ಬಸ್ಸು ಅಂಚಿನಿಂದ ಎಷ್ಟು ಅಡಿ ಒಳಗೆ ನಿಂತಿತ್ತು, ಬೀದಿದೀಪ ಉರಿಯುತ್ತಿತ್ತೇ, ಹಿರಿಯರ ಗಾಡಿಯ ಹೆಡ್‌ಲೈಟ್ ಹತ್ತಿತ್ತೇ ಎಂಬುದನ್ನೂ ಬರೆಸಿ. ಅಳೆಯಲು ಟೇಪು ಬೇಕಾದರೆ ತಿಳಿಸಿ, ನಾನೇ ತರುತ್ತೇನೆ.