ಟೆಂಟಿನ ಆಟ, ಟೇಪಿನ ಪದ

ಪ್ರಶ್ನೆ: ನನಗೀಗ ಐವತ್ತೆಂಟು. 1980ರ ದಶಕದಲ್ಲಿ ನಾವು ಒಂದಷ್ಟು ಗೆಳೆಯರು ಸೇರಿ ಸಾಲಿಗ್ರಾಮ ಮೇಳದ ಯಕ್ಷಗಾನದ ಆಟ ಎಲ್ಲಿದ್ದರೂ ಹುಡುಕಿಕೊಂಡು ಹೋಗುತ್ತಿದ್ದೆವು. ಮೇಳದ ಹಾಡುಗಾರರು, ಅಂದರೆ ಭಾಗವತರು, ಕಾಳಿಂಗ ನಾವಡರು. ಅವರ ಪದಗಳನ್ನು ಟೇಪ್ ಮಾಡುತ್ತಿದ್ದೆವು. ಆ ಕ್ಯಾಸೆಟ್‌ಗಳು ಒಂದು ಟ್ರಂಕಿನ ತುಂಬ ಇವೆ. ‘ಎಲ್ಲಾ ಯೂಟ್ಯೂಬಿನಲ್ಲಿ ಉಂಟಲ್ಲ ಅಪ್ಪಯ್ಯ, ಗುಜರಿಗೆ ಹಾಕಿ’ ಎನ್ನುತ್ತಾನೆ ಮಗ. ಆ ಕಾಲ ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಇದು ವಯಸ್ಸಿನ ಹುಚ್ಚೋ, ಆ ಪದಗಳಲ್ಲಿ ನಿಜವಾಗಿ ಏನಾದರೂ ಇತ್ತೋ?
– ಓದುಗರು, ಹೊಸನಗರ

ಉತ್ತರ: ಗುಜರಿಗೆ ಖಂಡಿತ ಹಾಕಬೇಡಿ. ಕಂಪನಿಯವರು ಮಾಡಿ ಮಾರಿದ ಕ್ಯಾಸೆಟ್‌ಗಳ ಹಾಡು ಯೂಟ್ಯೂಬಿನಲ್ಲಿ ಬೇಕಾದಷ್ಟು ಸಿಗುತ್ತದೆ, ಅಷ್ಟರ ಮಟ್ಟಿಗೆ ನಿಮ್ಮ ಮಗನ ಮಾತು ಸರಿ. ನಿಮ್ಮ ಟ್ರಂಕಿನಲ್ಲಿರುವುದು ಬೇರೆ. ಯಾವುದೋ ಬಯಲು ಗದ್ದೆಯಲ್ಲಿ ಟೆಂಟು ಹಾಕಿ ಒಂದು ರಾತ್ರಿ ಆಡಿದ ಆಟ ಅದು. ಆ ರಾತ್ರಿ ಹಾಡಿದ ಹಾಗೆ ಮರುದಿನ ಹಾಡಿರುವುದಿಲ್ಲ. ಒಂದೂರಲ್ಲಿ ಪದವನ್ನು ನಿಧಾನಕ್ಕೆ ಎಳೆಯುತ್ತಾರೆ. ಇನ್ನೊಂದೂರಲ್ಲಿ ವೇಷಧಾರಿಯ ಕುಣಿತ ಏರಿತು ಅಂದರೆ ಭಾಗವತರೂ ಚಂಡೆಯವರೂ ಅದರ ಹಿಂದೆಯೇ ಏರುತ್ತಾರೆ. ಜನ ಶಿಳ್ಳೆ ಹೊಡೆದರೆ ಇನ್ನೂ ಸ್ವಲ್ಪ. ಸ್ಟುಡಿಯೊದಲ್ಲಿ ಕೂತು ಇದನ್ನು ಮಾಡಲು ಆಗುವುದಿಲ್ಲ ಮಾರಾಯ್ರೆ.

ಪದಗಳಲ್ಲಿ ಏನಾದರೂ ಇತ್ತೋ ಎಂದು ಕೇಳಿದ್ದೀರಿ. ಇತ್ತು. ಗುಂಡ್ಮಿಯ ಕಾಳಿಂಗ ನಾವಡರು ಹುಟ್ಟಿದ್ದು 1958ರಲ್ಲಿ. ತಂದೆ ರಾಮಚಂದ್ರ ನಾವಡರೂ ಭಾಗವತರು. ಗುರುಗಳು ನಾರಣಪ್ಪ ಉಪ್ಪೂರರು. ಅಂದರೆ ಬಡಗುತಿಟ್ಟು ಎಂಬ ಯಕ್ಷಗಾನ ಶೈಲಿಯ ಹಳೆಯ ದಾರಿಯನ್ನು ಸರಿಯಾಗಿ ಕಲಿತೇ ಬಂದವರು. ಆ ಕಲಿಕೆಯ ಮೇಲೆ ಹೊಸ ರಾಗಗಳನ್ನು ತಂದರು. ‘ನಾಗಶ್ರೀ’ ಎಂಬ ಪ್ರಸಂಗವನ್ನು, ಅಂದರೆ ಆಟದ ಕಥೆಯನ್ನು, ತಾವೇ ಬರೆದರು. ಅಲ್ಲಿಯವರೆಗೆ ವೇಷ ನೋಡಲು ಟೆಂಟಿಗೆ ಹೋಗುತ್ತಿದ್ದವರೇ ಜಾಸ್ತಿ. ಇವರು ಬಂದ ಮೇಲೆ ‘ಪದ ಕೇಳಲು ಹೋಗುವ’ ಎನ್ನುವ ಹುಡುಗರ ದಂಡೇ ಹುಟ್ಟಿಕೊಂಡಿತು. ನೀವು ಆ ದಂಡಿನವರು. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ನಾವಡರು ಹೋದರು. ವಯಸ್ಸು ಮೂವತ್ತೆರಡು ದಾಟಿರಲಿಲ್ಲ. ಇನ್ನೂ ಹಾಡಬೇಕಿದ್ದ ಪದಗಳೆಷ್ಟು ಎಂದು ಯೋಚಿಸಿದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆಗ ನನ್ನದು ಕುಂದಾಪುರದಲ್ಲಿ ರೇಡಿಯೊ ರಿಪೇರಿ ಅಂಗಡಿ. ಬೊಂಬಾಯಿಯ ಹೋಟೆಲುಗಳಲ್ಲಿ ದುಡಿಯುವ ಹುಡುಗರು ಊರಿಗೆ ಬರುವಾಗ ರೇಡಿಯೊ, ಟೇಪ್ ರೆಕಾರ್ಡರ್ ಎರಡೂ ಇರುವ ಟೂ-ಇನ್-ವನ್ ತರುತ್ತಿದ್ದರು. ತಮ್ಮಂದಿರು ಅದನ್ನು ಹೆಗಲಿಗೆ ಹಾಕಿಕೊಂಡು ಆಟಕ್ಕೆ ಹೋಗುತ್ತಿದ್ದರು. ರಂಗಸ್ಥಳದ ಹತ್ತಿರದ ಜಾಗಕ್ಕೆ ಪೈಪೋಟಿ. ಆಟ ರಾತ್ರಿ ಒಂಬತ್ತಕ್ಕೆ ಶುರುವಾದರೆ ಬೆಳಿಗ್ಗೆ ಆರಕ್ಕೆ ಮುಗಿಯುತ್ತಿತ್ತು. ಒಂಬತ್ತು ಗಂಟೆ ಪೂರ್ತಿ ಟೇಪ್ ಮಾಡಲು ತೊಂಬತ್ತು ನಿಮಿಷದ ಸಿ-90 ಕ್ಯಾಸೆಟ್ ಆರು ಬೇಕು. ಅಷ್ಟು ದುಡ್ಡು ಯಾರ ಹತ್ತಿರ ಇತ್ತು? ಪದ ಬಂದಾಗ ಒತ್ತುವುದು, ಅರ್ಥ, ಅಂದರೆ ವೇಷಧಾರಿಗಳ ಮಾತು, ಶುರುವಾದಾಗ ನಿಲ್ಲಿಸುವುದು. ಹಾಗಾಗಿ ಎಷ್ಟೋ ದೊಡ್ಡ ವೇಷಧಾರಿಗಳ ಮಾತುಗಾರಿಕೆ ಈ ಟೇಪುಗಳಲ್ಲಿ ಉಳಿಯಲೇ ಇಲ್ಲ. ಒಂದು ಪದ ಮುಗಿದು ಟಕ್ ಎಂದು ಸದ್ದಾಗಿ ಇನ್ನೊಂದು ಪದವೇ ಬರುತ್ತದೆ.

ಬೆಳಿಗ್ಗೆ ಬಾಗಿಲು ತೆಗೆಯುವಾಗ ನಿದ್ದೆಗಣ್ಣಿನ ಹುಡುಗರು ಅಂಗಡಿ ಎದುರು ಕೂತಿರುತ್ತಿದ್ದರು. ‘ಇದರದ್ದೊಂದು ಕಾಪಿ ಬೇಕಿತ್ತು, ಬೊಂಬಾಯಿ ಬಸ್ಸಿಗೆ ಕೊಟ್ಟು ಅಣ್ಣನಿಗೆ ಕಳಿಸಬೇಕು.’ ಕಾಪಿ ಆಗುವವರೆಗೆ ಪಕ್ಕದ ಹೋಟೆಲಿನಲ್ಲಿ ಜಗಳ. ಆ ಏರು ಪದ ಮೊನ್ನೆಯದಕ್ಕಿಂತ ಚೆಂದವಾಯಿತೋ ಇಲ್ಲವೋ, ಮದ್ದಲೆ ಎಲ್ಲಿ ತಪ್ಪಿತು, ಆ ರಾಗ ಆ ಸಂದರ್ಭಕ್ಕೆ ಹೊಂದಿತೋ ಇಲ್ಲವೋ. ಸಂಗೀತದ ಪಾಠ ಆಗದ ಹುಡುಗರು ರಾಗದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದರು! ಅವರಿಗೆ ಕಿವಿ ತಯಾರಾಗಿದ್ದೇ ಹಾಗೆ.

ನಿಮಗೆ ಕಣ್ಣು ತುಂಬುವುದರಲ್ಲಿ ಆ ಜಗಳದ ಪಾಲೂ ಇದೆ ಅಂತ ನನಗೆ ಅನ್ನಿಸುತ್ತದೆ. ಒಬ್ಬರೇ ಕೂತು ಕೇಳಿ ಕೊರಗಬೇಡಿ. ಆ ಗೆಳೆಯರಲ್ಲಿ ಯಾರ್ಯಾರು ಇದ್ದಾರೋ ಕರೆಯಿರಿ. ಒಂದು ಕ್ಯಾಸೆಟ್ ಹಾಕಿ. ಮಗನನ್ನೂ ಕೂರಿಸಿ. ನೀವು ವಾದ ಮಾಡುವುದನ್ನು ಅವನು ಒಮ್ಮೆ ಕೇಳಲಿ.

ಪ್ರಶ್ನೆ: ನಾನು ಪದವಿ ಓದುತ್ತಿದ್ದೇನೆ. ಈಗಿನ ಭಾಗವತರ ಪದ ನನಗೆ ತುಂಬ ಇಷ್ಟ. ನಮ್ಮ ಮಾವ ಮಾತ್ರ ‘ಈಗಿನದ್ದೆಲ್ಲ ಸಿನಿಮಾ ಹಾಡು, ಆಟ ಸತ್ತೇಹೋಯಿತು’ ಎನ್ನುತ್ತಾರೆ. ಏನು ಹೇಳಲಿ?
– ಓದುಗರು, ಉಡುಪಿ

ಉತ್ತರ: ತಂಗಿ, ನಿಮ್ಮ ಮಾವ ಈಗ ಹೇಳುವ ಮಾತನ್ನೇ ಆಗ ನಾವಡರ ಬಗ್ಗೆಯೂ ಹೇಳುತ್ತಿದ್ದರು. ಸಂಪ್ರದಾಯ ಕೆಡಿಸಿದರು ಎಂದು ಬೈದ ಹಿರಿಯರು ಇದ್ದರು. ನಾನು ಕಿವಿಯಾರೆ ಕೇಳಿದ್ದೇನೆ. ಅವರ ಬೈಗುಳ ಪೂರ್ತಿ ಸುಳ್ಳೇನಲ್ಲ. ರಾಗದ ಮೋಹ ಜಾಸ್ತಿಯಾದರೆ ಸಾಹಿತ್ಯ ಹಿಂದೆ ಬೀಳುತ್ತದೆ, ವೇಷಧಾರಿ ಕಾಯುತ್ತಾ ನಿಲ್ಲಬೇಕಾಗುತ್ತದೆ. ಈಗಲೂ ಇದನ್ನೇ ಗಮನಿಸಿ. ಪದದ ಮಾತು ನಿಮಗೆ ಸ್ಪಷ್ಟವಾಗಿ ಕೇಳುತ್ತಿದೆಯಾ? ಕುಣಿಯುವವರನ್ನು ಆ ಪದ ಎತ್ತಿ ನಿಲ್ಲಿಸುತ್ತಿದೆಯಾ? ಹೌದು ಎಂದಾದರೆ ಧೈರ್ಯವಾಗಿ ಇಷ್ಟಪಡಿ. ಈಗ ಕಾಲಮಿತಿಯ ಆಟಗಳು ಜಾಸ್ತಿ, ಮೂರು ನಾಲ್ಕು ಗಂಟೆಯಲ್ಲಿ ಮುಗಿಯುತ್ತವೆ. ಆದರೆ ಇಡೀ ರಾತ್ರಿಯ ಆಟ ನಡೆದಾಗ ಒಮ್ಮೆ ಮಾವನನ್ನೇ ಕರೆದುಕೊಂಡು ಹೋಗಿ. ಬೆಳಗಿನ ಜಾವದ ಪದ ಕೇಳದೆ ಬರಬೇಡಿ.

ಪ್ರಶ್ನೆ: ತೀರಿಕೊಂಡ ನಮ್ಮ ತಂದೆ ಆಟದಲ್ಲಿ ಟೇಪ್ ಮಾಡಿದ ಕ್ಯಾಸೆಟ್‌ಗಳು ಸಿಕ್ಕಿವೆ. ಕೆಲವಕ್ಕೆ ಬಿಳಿ ಬೂಷ್ಟು ಹಿಡಿದಿದೆ. ಒಂದನ್ನು ಹಾಕಿದರೆ ಮೊದಲು ಚೆನ್ನಾಗಿದ್ದು ಕೊನೆಕೊನೆಗೆ ದನಿ ಕೀರಲಾಗಿ ಓಡುತ್ತದೆ. ಕಂಪ್ಯೂಟರಿಗೆ ಹಾಕಿಕೊಳ್ಳುವುದು ಹೇಗೆ? ಎಲ್ಲರಿಗೂ ಹಂಚಬಹುದಾ?
– ಓದುಗರು, ಬೆಂಗಳೂರು

ಉತ್ತರ: ಬೂಷ್ಟು ಹಿಡಿದದ್ದನ್ನು ಸದ್ಯ ಪ್ಲೇಯರಿಗೆ ಹಾಕಲೇಬೇಡಿ. ಅದು ಹೆಡ್ಡಿಗೆ ಅಂಟಿಕೊಂಡು ಒಳ್ಳೆಯ ಕ್ಯಾಸೆಟ್ಟಿಗೂ ಹರಡುತ್ತದೆ. ಬೇರೆ ಡಬ್ಬಿಯಲ್ಲಿ, ಒಣ ಜಾಗದಲ್ಲಿ ಇಟ್ಟು, ಅನುಭವ ಇರುವವರಿಂದ ಶುಚಿ ಮಾಡಿಸಿ.

ಉಳಿದವುಗಳ ಹಿಂಬದಿಯಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳು ಇರುತ್ತವೆ. ಮೊದಲು ಅವನ್ನು ಮುರಿಯಿರಿ. ಆಮೇಲೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸಿಹೋಗುವುದಿಲ್ಲ. ಪ್ಲೇಯರಿನ ಹೆಡ್ಡು ಮತ್ತು ರಬ್ಬರ್ ಚಕ್ರವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ, ಆಮೇಲೆ ಹಾಕಿ. ಸಿ-60ಕ್ಕಿಂತ ಸಿ-90ರ ಟೇಪು ತೆಳು, ಬೇಗ ಸಿಕ್ಕಿಕೊಳ್ಳುತ್ತದೆ. ತುಂಡಾದರೆ ಮಾಮೂಲಿ ಸೆಲ್ಲೊಟೇಪ್ ಹಚ್ಚಬೇಡಿ, ಅದರ ಅಂಟು ಕರಗಿ ಪಕ್ಕದ ಸುತ್ತುಗಳಿಗೂ ಹಿಡಿಯುತ್ತದೆ. ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ವೈರು ಕೊಟ್ಟು, ಪುಕ್ಕಟೆ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ ತುಂಬಿಕೊಳ್ಳಿ. ಮೂಲ ಪ್ರತಿಯನ್ನು ವೇವ್ (WAV) ಫೈಲ್ ಆಗಿಯೇ ಇಡಿ. ಒಂದು ಗಂಟೆಗೆ ಸುಮಾರು 600 ಎಂಬಿ ಆಗುತ್ತದೆ, ಚಿಂತೆ ಮಾಡಬೇಡಿ.

ದನಿ ಕೀರಲಾಗಲು ಕಾರಣ ಬ್ಯಾಟರಿ ಇರಬೇಕು. ರಾತ್ರಿಯಿಡೀ ಸೆಲ್ಲಿನ ಮೇಲೆ ಓಡಿದ ಟೇಪ್ ರೆಕಾರ್ಡರಿನ ಮೋಟಾರು ಬೆಳಗಾಗುವ ಹೊತ್ತಿಗೆ ನಿಧಾನವಾಗಿರುತ್ತದೆ. ನಿಧಾನಕ್ಕೆ ತುಂಬಿಕೊಂಡದ್ದನ್ನು ಸರಿಯಾದ ವೇಗದಲ್ಲಿ ಹಾಕಿದರೆ ದನಿ ಓಡುತ್ತದೆ. ಇದು ಸರಿಯಾಗುತ್ತದೆ. ಅದೇ ಭಾಗವತರು ಅದೇ ರಾತ್ರಿ ಮೊದಲು ಹಾಡಿದ ಪದದ ಶ್ರುತಿ ಹಿಡಿದುಕೊಳ್ಳಿ. ಆಡಾಸಿಟಿಯಲ್ಲಿ ಕೊನೆಯ ಭಾಗದ ವೇಗವನ್ನು ಆ ಶ್ರುತಿಗೆ ಕೂಡುವವರೆಗೆ ಸ್ವಲ್ಪ ಸ್ವಲ್ಪವೇ ಇಳಿಸಿ. ಹಾಡು ಬಲ್ಲವರೊಬ್ಬರು ಪಕ್ಕದಲ್ಲಿದ್ದರೆ ಒಳ್ಳೆಯದು.

ಮನೆಯಲ್ಲಿ ಕೇಳಲು ಅಡ್ಡಿಯಿಲ್ಲ. ಅಂತರ್ಜಾಲಕ್ಕೆ ಹಾಕುವ ಮೊದಲು ಕಲಾವಿದರನ್ನು ಅಥವಾ ಅವರ ಮನೆಯವರನ್ನು ಕೇಳಿ. ನಮ್ಮ ಕಾನೂನಿನ ಪ್ರಕಾರ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷ ಹಕ್ಕು ಇರುತ್ತದೆ. ಕಾನೂನು ಬಿಡಿ, ರಾತ್ರಿಯಿಡೀ ನಿದ್ದೆಗೆಟ್ಟು ಹಾಡಿದವರನ್ನು ಕೇಳುವುದೇ ಮರ್ಯಾದೆ ಅಲ್ವಾ?

ಫೈಲಿಗೆ ಹೆಸರಿಡುವಾಗ ಊರು, ಪ್ರಸಂಗ, ವರ್ಷ, ಹಿಮ್ಮೇಳದವರ ಹೆಸರು ಎಲ್ಲ ಬರೆಯಿರಿ. ಕ್ಯಾಸೆಟ್ಟಿನ ಚೀಟಿಯ ಮೇಲೆ ತಂದೆಯವರು ಗೀಚಿದ್ದನ್ನು ಫೋಟೊ ತೆಗೆದು ಜೊತೆಗಿಡಿ. ಗೊತ್ತಾಗದಿದ್ದರೆ ತಂದೆಯ ಜೊತೆ ಆಟಕ್ಕೆ ಹೋಗುತ್ತಿದ್ದವರಿಗೆ ಫೋನಿನಲ್ಲೇ ಕೇಳಿಸಿ. ಎರಡು ಪದ ಕೇಳಿದರೆ ಸಾಕು, ಮದ್ದಲೆ ಯಾರದ್ದು, ಚಂಡೆ ಯಾರದ್ದು ಎಂದು ಹೇಳುವವರು ನಮ್ಮ ಕಡೆ ಇನ್ನೂ ಇದ್ದಾರೆ. ಈ ವರ್ಷವೇ ಕೇಳಿಬಿಡಿ.