'ಒಪ್ತೀರಲ್ವಾ?' ಅಂತ ಕೇಳಿದ್ರೆ ಹೆಂಗೆ?

ಪ್ರಶ್ನೆ: ನಮ್ಮ ಲೇಔಟ್ ಸಂಘದಲ್ಲಿ 'ಪಾರ್ಕ್ ಚೆಂದ ಆಗೋಕೆ ತಿಂಗಳಿಗೆ 200 ರೂಪಾಯಿ ಒಪ್ತೀರಲ್ವಾ' ಅಂತ ಚೀಟಿ ಹಂಚಿ ವೋಟ್ ಹಾಕ್ಸಿದ್ರು ಸಾರ್. ಬೇರೆ ದೇಶದ ಜನಮತದಲ್ಲೂ ಹಿಂಗೇನಾ?
- ಓದುಗ, ದಾವಣಗೆರೆ

ಉತ್ತರ: ಬೆಣ್ಣೆ ದೋಸೆ ಮುಂದಿಟ್ಟು ಹಸಿವಾ ಅಂತ ಕೇಳ್ದಂಗಾಯ್ತು ಬಿಡಿ! ಸ್ಕಾಟ್ಲೆಂಡಲ್ಲೂ 2014ರ ಜನಮತಕ್ಕೆ ಮೊದ್ಲು 'ಸ್ವತಂತ್ರ ದೇಶ ಆಗ್ಬೇಕು ಅನ್ನೋದನ್ನ ಒಪ್ತೀರಾ' ಅಂತ್ಲೇ ಬರ್ದಿದ್ರು, ಚುನಾವಣಾ ಆಯೋಗದವ್ರು ಜನರ ಹತ್ರ ಟೆಸ್ಟ್ ಮಾಡ್ಸಿ ಇದು 'ಹೌದು' ಕಡೆಗೆ ತಳ್ಳುತ್ತೆ ಅಂದ್ರು, ಕೊನೆಗೆ 'ಒಪ್ತೀರಾ' ಹೋಗಿ ಬರೀ 'ಆಗ್ಬೇಕಾ' ಉಳೀತು. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡ್ಬೇಕಾ ಅನ್ನೋ 2016ರ ಬ್ರೆಕ್ಸಿಟ್ ಚೀಟೀಲಂತೂ ಹೌದು-ಇಲ್ಲನೇ ಇರ್ಲಿಲ್ಲ, ಉಳಿಯೋದಾ ಬಿಡೋದಾ ಅಷ್ಟೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜನರ ವೋಟಿಗೆ ಹಾಕೋ ಪ್ರಸ್ತಾವದ ಸಾರಾಂಶ 100 ಪದ ದಾಟಂಗಿಲ್ಲ, ಆದ್ರೆ ಅದನ್ನ ಬರೆಯೋ ಅಟಾರ್ನಿ ಜನರಲ್ಲೂ (ರಾಜ್ಯ ಸರ್ಕಾರದ ಮುಖ್ಯ ವಕೀಲರು) ಪಾರ್ಟಿಯಿಂದ ಗೆದ್ದು ಬಂದವ್ರೇ, ಹಂಗಾಗಿ ಜಗಳ ತಪ್ಪಲ್ಲ. ನಿಮ್ಮ ಸಂಘದ ಚೀಟೀಲಿ ಆ 'ಅಲ್ವಾ' ಮೊದ್ಲು ಹೊಡೆದಾಕ್ಸಿ.